ಶಾಮಶಾಸ್ತ್ರಿಗಳಿಗೆ ಅರ್ಥಶಾಸ್ತ್ರ ಸುಮ್ಮನೆ ಸಿಕ್ಕಿದ್ದಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಸಂಸ್ಕೃತ ವಿದ್ವಾಂಸರು, ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ಅವರನ್ನು ನೆನೆದದ್ದಕ್ಕೆ ಮೊದಲು ಧನ್ಯವಾದ. ಆದರೆ ಅದರಲ್ಲಿ ಒಂದು ಸಾಲಿತ್ತು. ಧೂಳು ಹಿಡಿದ ಓಲೆಗರಿಗಳ ನಡುವೆ ಅವರಿಗೆ ಆಕಸ್ಮಿಕವಾಗಿ ಕೌಟಿಲ್ಯನ ಅರ್ಥಶಾಸ್ತ್ರ, ಅಂದರೆ ರಾಜ್ಯ ಆಳುವ ಬಗೆ ಹೇಳುವ ಆ ಹಳೆಯ ಸಂಸ್ಕೃತ ಪುಸ್ತಕ, ಸಿಕ್ಕಿಬಿಟ್ಟಿತು ಅಂತ. ಆ ‘ಆಕಸ್ಮಿಕವಾಗಿ’ ಅನ್ನುವ ಮಾತು ಓದಿ ನನಗೆ ಎರಡು ದಿನ ಸಮಾಧಾನ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಮ್ಮದೂ ಹಾಸನ ಜಿಲ್ಲೆಯೇ. ಮೌರ್ಯರ ಪಾಠ ಬಂದಾಗೆಲ್ಲ, ನಮ್ಮ ಪಕ್ಕದ ಅರಕಲಗೂಡು ತಾಲ್ಲೂಕಿನವರು ಕಣ್ರೋ ಈ ಪುಸ್ತಕವನ್ನು ಲೋಕಕ್ಕೆ ಕೊಟ್ಟವರು ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಒಂದು ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. “ಸಾರ್, ಯಾರೋ ತಂದುಕೊಟ್ಟಿದ್ದು, ಇವರಿಗೆ ಸಿಕ್ತು. ಅದಕ್ಯಾಕೆ ಇಷ್ಟು ಹೊಗಳಬೇಕು? ನನಗೆ ಸಿಕ್ಕಿದ್ರೂ ನಾನು ಕೊಡ್ತಿದ್ದೆ ಅಲ್ವಾ?”

ಒಳ್ಳೆಯ ಪ್ರಶ್ನೆ. ಆವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಅವರು ದೊಡ್ಡ ವಿದ್ವಾಂಸರು ಅಂತ ಹೇಳಿ ಕೂರಿಸಿದೆ. ಉತ್ತರ ನನಗೇ ಗೊತ್ತಾಗಿದ್ದು ರಿಟೈರ್ ಆದ ಮೇಲೆ, ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ.

ಅಟ್ಟದ ಮೂಲೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಎರಡು ಓಲೆ ಕಟ್ಟು ಇದ್ದವು. ನಮ್ಮ ಮುತ್ತಜ್ಜನ ಕಾಲದವು. ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ಗರಿಗಳು, ಗರಿಯಲ್ಲಿ ತೂತು, ತೂತಿನೊಳಗೆ ದಾರ. ಬಿಚ್ಚುವಾಗಲೇ ದಾರ ಪುಡಿಯಾಯಿತು. ನಮ್ಮ ಸೋದರತ್ತೆ ಪಕ್ಕದಲ್ಲೇ ಕೂತಿದ್ದರು. “ಓದೋಕೆ ಬಾರದ್ದನ್ನ ಮನೇಲಿಟ್ಕೊಂಡು ಏನಪ್ಪಾ ಮಾಡ್ತೀಯ, ಹೊಳೆಗೆ ಬಿಟ್ಟುಬಿಡು” ಅಂದರು. ಅವರ ಮಾತಿನಲ್ಲಿ ಅಸಡ್ಡೆ ಇರಲಿಲ್ಲ. ಅವರ ತೌರುಮನೆಯಲ್ಲಿ ಹಾಗೇ ಮಾಡಿದ್ದರಂತೆ. ಹಳೆಯ ಓಲೆಯನ್ನು ಕಾಲಲ್ಲಿ ತುಳಿಯಬಾರದು, ಒಲೆಗೆ ಹಾಕಬಾರದು, ಅದಕ್ಕೆ ಅರಿಶಿನ ಕುಂಕುಮ ಇಟ್ಟು ಹೇಮಾವತಿಗೆ ಬಿಡುವುದು. ಎಷ್ಟು ಮನೆಗಳಲ್ಲಿ ಹೀಗೆ ಭಕ್ತಿಯಿಂದಲೇ ಎಷ್ಟು ಪುಸ್ತಕ ನೀರುಪಾಲಾಗಿದ್ದಾವೋ!

ನಾನು ಬಿಡಲಿಲ್ಲ. ಒಂದು ಗರಿಯನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಮೊದಲು ಏನೂ ಕಾಣಲಿಲ್ಲ. ನಮ್ಮ ಕಡೆ ಓಲೆಯ ಮೇಲೆ ಶಾಯಿಯಲ್ಲಿ ಬರೆಯುವುದಿಲ್ಲ, ಕಬ್ಬಿಣದ ಕಂಟದಿಂದ ಗೀರುತ್ತಾರೆ. ಆ ಗೀರಿಗೆ ಮಸಿ ತಿಕ್ಕಿ ಬಟ್ಟೆಯಲ್ಲಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತದೆ. ನಮ್ಮ ಓಲೆಯ ಮಸಿ ಹೋಗಿ ಯಾವ ಕಾಲವಾಗಿತ್ತೋ. ಬೆಳಕು ಓರೆಯಾಗಿ ಬಿದ್ದಾಗ ಕೂದಲೆಳೆಯಂಥ ಗೆರೆಗಳು ಕಂಡವು. ಒಂದು ಕಟ್ಟು ಹಳೆಯ ಕನ್ನಡ ಅಕ್ಷರ. ಇನ್ನೊಂದು ಏನೆಂದು ತಿಳಿಯಲಿಲ್ಲ. ಊರಿನ ಒಬ್ಬ ಹಿರಿಯ ಪಂಡಿತರಿಗೆ ತೋರಿಸಿದೆ. “ಇದು ಗ್ರಂಥ ಲಿಪಿ ಮೇಷ್ಟ್ರೇ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯೋಕೆ ಇಟ್ಕೊಂಡಿದ್ದ ಲಿಪಿ” ಅಂದರು. ಅವರ ಹತ್ತಿರವೇ ಕಲಿಯಲು ಕೂತೆ. ಆಗ ನನಗೆ 61 ವರ್ಷ.

ಮೊದಲನೇ ಗರಿಯ ಮೊದಲನೇ ಸಾಲಿಗೆ ಎರಡು ಸಂಜೆ ಹಿಡಿಯಿತು. ಓಲೆಯಲ್ಲಿ ಪದದಿಂದ ಪದಕ್ಕೆ ಜಾಗ ಬಿಡುವುದಿಲ್ಲ. ಎಲ್ಲಾ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಇರುತ್ತದೆ. ಅದರ ಮೇಲೆ ಸಂಧಿ ಬೇರೆ. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಕಣ್ಣು ಹೇಳುವುದಿಲ್ಲ, ಭಾಷೆ ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ. ಹುಳು ಕೊರೆದ ಕಡೆ ಒಂದು ಅಕ್ಷರ ಇಲ್ಲ. ಇನ್ನೊಂದು ಕಡೆ ಬರೆದವನೇ ತಪ್ಪಿದ್ದಾನೆ. ಕೊನೆಗೆ ಎರಡನೇ ಸಂಜೆ ‘ಅವಿಘ್ನಮಸ್ತು’ ಅನ್ನುವ ಮಾತು ಗರಿಯಿಂದ ಎದ್ದು ಬಂತು. ನನ್ನ ಮುತ್ತಜ್ಜನೋ ಅವರಿಗಿಂತ ಹಿಂದಿನವರೋ, ಯಾರೋ ಒಬ್ಬರು ಬರೆಯಲು ಕೂತಾಗ ವಿಘ್ನ ಬಾರದಿರಲಿ ಅಂತ ಬೇಡಿಕೊಂಡಿದ್ದು. ಅದು ನನಗೆ ಕೇಳಿಸಿತು. ನಾನು ಅತ್ತುಬಿಟ್ಟೆ, ಸಂಪಾದಕರೇ.

ಆ ರಾತ್ರಿ ಶಾಮಶಾಸ್ತ್ರಿಗಳು ನೆನಪಾದರು. ನನ್ನದು ಎರಡೇ ಸಂಜೆಯ ಒಂದು ಸಾಲು, ಅದೂ ಎಷ್ಟೋ ಓಲೆಗಳ ಮೊದಲಿಗೆ ಬರುವ ಸಾಲು. ಅವರ ಮುಂದೆ ಇದ್ದದ್ದು 15 ಅಧಿಕರಣ (ಅಂದರೆ ಭಾಗ), 150 ಅಧ್ಯಾಯದ ಶಾಸ್ತ್ರ. ಅದರಲ್ಲಿ ಬರುವ ಎಷ್ಟೋ ಪದಗಳು ಬೇರೆ ಯಾವ ಪುಸ್ತಕದಲ್ಲೂ ಅವರಿಗೆ ಸಿಕ್ಕಿರಲಾರವು.

ಈಗ ನಿಮ್ಮ ‘ಆಕಸ್ಮಿಕ’ದ ವಿಷಯಕ್ಕೆ ಬರುತ್ತೇನೆ. ಆ ಓಲೆ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಬಂದದ್ದು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರ ಕೈಯಿಂದ. ಇದನ್ನು ಶಾಸ್ತ್ರಿಗಳೇ ಬರೆದಿದ್ದಾರೆ. ಪಂಡಿತರ ಹೆಸರನ್ನು ಮಾತ್ರ ಹೇಳಿಲ್ಲ. ಅವರು ಹೊಳೆಗೆ ಬಿಡದೆ ಲೈಬ್ರರಿಗೆ ತಂದುಕೊಟ್ಟರಲ್ಲ, ಅವರಿಗೂ ನಾವು ಕೈ ಮುಗಿಯಬೇಕು. ಅಲ್ಲಿಯವರೆಗಿನದ್ದು ಬೇಕಾದರೆ ಅದೃಷ್ಟ ಅನ್ನಿ. ಆದರೆ ಕಪಾಟಿಗೆ ಬಂದ ಓಲೆ ಸುಮ್ನೆ ಓಲೆ ಅಷ್ಟೇ. ಇದು ಯಾವುದು ಅಂತ ಗುರುತಿಸುವವರು ಬೇಕಲ್ಲ?

ಅರ್ಥಶಾಸ್ತ್ರ ಅನ್ನುವ ಪುಸ್ತಕ ಇತ್ತು ಅಂತ ಓದಿಕೊಂಡವರಿಗೆ ಗೊತ್ತಿತ್ತು. ದಂಡಿಯ ದಶಕುಮಾರಚರಿತದಲ್ಲಿ, ವಿಷ್ಣುಗುಪ್ತ (ಕೌಟಿಲ್ಯನದೇ ಇನ್ನೊಂದು ಹೆಸರು) ಮೌರ್ಯನಿಗಾಗಿ ದಂಡನೀತಿಯನ್ನು, ಅಂದರೆ ರಾಜ್ಯ ಆಳುವ ಶಾಸ್ತ್ರವನ್ನು, 6000 ಶ್ಲೋಕದಷ್ಟಕ್ಕೆ ಇಳಿಸಿದ ಅಂತ ಬರುತ್ತದೆ. ಕಾಮಂದಕ ತನ್ನ ನೀತಿಸಾರದ ಆರಂಭದಲ್ಲೇ ವಿಷ್ಣುಗುಪ್ತನಿಗೆ ನಮಸ್ಕಾರ ಹೇಳುತ್ತಾನೆ. ಬಾಣಭಟ್ಟ ಕಾದಂಬರಿಯಲ್ಲಿ ಕೌಟಿಲ್ಯನ ಶಾಸ್ತ್ರವನ್ನು ಕರುಣೆಯಿಲ್ಲದ್ದು ಅಂತ ಬೈದಿದ್ದಾನೆ. ವ್ಯಾಖ್ಯಾನಕಾರರು ಅಲ್ಲೊಂದು ಇಲ್ಲೊಂದು ವಾಕ್ಯ ಎತ್ತಿ ಬರೆದುಕೊಂಡಿದ್ದಾರೆ. ಎಲ್ಲರೂ ಆ ಪುಸ್ತಕದ ಮಾತಾಡುತ್ತಾರೆ, ಪುಸ್ತಕ ಮಾತ್ರ ಕಣ್ಣಿಗೆ ಬೀಳುತ್ತಿಲ್ಲ. ಶಾಸ್ತ್ರಿಗಳು ಇವೆಲ್ಲವನ್ನೂ ಓದಿಕೊಂಡಿದ್ದರು. ತಮ್ಮ ಮುಂದಿನ ಓಲೆಯ ಮಾತುಗಳನ್ನು ಈ ಹಳೆಯ ಉಲ್ಲೇಖಗಳ ಪಕ್ಕದಲ್ಲಿಟ್ಟು, ಇದು ಅದೇ ಅಂತ ತೋರಿಸಿಕೊಟ್ಟರು. ಏನು ಕಳೆದುಹೋಗಿದೆ ಅಂತ ತಿಳಿದವರ ಕೈಗೆ ಅದು ಬಂತು. ನಮ್ಮ ಸೋದರತ್ತೆಯ ಕೈಗೋ, ಆಗಿನ ನನ್ನ ಕೈಗೋ ಬಂದಿದ್ದರೆ ಏನಾಗುತ್ತಿತ್ತು ಯೋಚಿಸಿ. ಒಂಬತ್ತನೇ ಕ್ಲಾಸಿನ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಈಗ ಅವಳು ಎಲ್ಲಿದ್ದಾಳೋ, ಈ ಪತ್ರಿಕೆ ಓದುತ್ತಿದ್ದರೆ ಚೆನ್ನಾಗಿತ್ತು.

ಶಾಸ್ತ್ರಿಗಳು ಹುಟ್ಟಿದ್ದು 1868ರಲ್ಲಿ, ಕಾವೇರಿ ದಡದ ರುದ್ರಪಟ್ಟಣದಲ್ಲಿ. ಆ ಊರನ್ನು ಈಗ ಎಲ್ಲರೂ ಸಂಗೀತಕ್ಕೆ ನೆನೆಯುತ್ತಾರೆ. ಮೈಸೂರಿನ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, 1889ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ. ಮಾಡಿಕೊಂಡರು. ಒಂದು ಕಡೆ ಶಾಸ್ತ್ರದ ಓದು, ಇನ್ನೊಂದು ಕಡೆ ಇಂಗ್ಲಿಷ್ ಓದು. ಆ ಕಾಲದಲ್ಲಿ ಎರಡೂ ಒಬ್ಬರಲ್ಲೇ ಇರುವುದು ಜಾಸ್ತಿ ಕಾಣುತ್ತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಣ್ಣಿಗೆ ಬಿದ್ದು ಓರಿಯಂಟಲ್ ಲೈಬ್ರರಿ ಸೇರಿದರು. ಆ ಲೈಬ್ರರಿ ಶುರುವಾಗಿದ್ದು 1891ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ. ಈಗ ಅದೇ ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ.

ಅರ್ಥಶಾಸ್ತ್ರದ ಓಲೆ ಬೆಳಕಿಗೆ ಬಂದದ್ದು 1905ರಲ್ಲಿ. ಆಗ ಶಾಸ್ತ್ರಿಗಳಿಗೆ 37 ವರ್ಷ. ಅದೇ ವರ್ಷದಿಂದ ಸ್ವಲ್ಪ ಸ್ವಲ್ಪವೇ ಇಂಗ್ಲಿಷಿಗೆ ತಂದು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ, ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್ ಅವರ ಮುನ್ನುಡಿಯ ಜೊತೆ. ಸಿಕ್ಕಿದ್ದರಿಂದ ಮುಗಿಯುವವರೆಗೆ ಲೆಕ್ಕ ಹಾಕಿ, ಹತ್ತು ವರ್ಷ. ನೀವು ಬರೆದ ‘ಸಿಕ್ಕಿಬಿಟ್ಟಿತು’ ಅನ್ನುವ ಒಂದು ಪದದೊಳಗೆ ಈ ಹತ್ತು ವರ್ಷ ಕಾಣದೆ ಹೋಯಿತು.

ಆ ಹತ್ತು ವರ್ಷದ ಕೆಲಸ ಎಂಥದ್ದು ಅಂತ ನಾನು ಎರಡನೇ ಅಧಿಕರಣ ಓದಿದಾಗ ಸ್ವಲ್ಪ ಅಂದಾಜಾಯಿತು. ಅಧ್ಯಕ್ಷಪ್ರಚಾರ ಅಂತ ಅದರ ಹೆಸರು. ಅಲ್ಲಿ ಕಾವ್ಯದ ಮಾತಿಲ್ಲ. ನೂಲಿನ ಮೇಲೆ ಒಬ್ಬ ಅಧಿಕಾರಿ, ಹೆಂಡದ ಮೇಲೆ ಒಬ್ಬ, ಬೇಸಾಯಕ್ಕೆ ಒಬ್ಬ ಸೀತಾಧ್ಯಕ್ಷ, ತೂಕ ಅಳತೆಗೆ ಒಬ್ಬ ಪೌತವಾಧ್ಯಕ್ಷ, ದೋಣಿಗಳಿಗೆ, ಆನೆಗಳಿಗೆ, ಹೀಗೆ. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕು ಅಂತ ಬರುತ್ತದೆ. ಯಾವ ಸೀಮೆಗೆ ಎಷ್ಟು ದ್ರೋಣ (ಆಗಿನ ಒಂದು ಅಳತೆ) ಮಳೆ ಅಂತ ಲೆಕ್ಕ ಬರುತ್ತದೆ. ಸರ್ಕಾರಿ ನೌಕರರು ಹಣ ಹೊಡೆಯುವ ನಲವತ್ತು ದಾರಿಗಳನ್ನು ಕೌಟಿಲ್ಯ ಪಟ್ಟಿ ಮಾಡಿದ್ದಾನೆ. ಮೊದಲು ಬಂದ ಹಣವನ್ನು ಆಮೇಲೆ ಬಂತು ಅಂತ ಬರೆಯುವುದು, ಆಮೇಲೆ ಬಂದದ್ದನ್ನು ಮೊದಲೇ ಬಂತು ಅಂತ ಬರೆಯುವುದು, ಹೀಗೆ ಶುರುವಾಗುತ್ತದೆ ಆ ಪಟ್ಟಿ. ನೀರಿನೊಳಗಿನ ಮೀನು ನೀರು ಕುಡಿಯುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು, ಕೆಲಸದಲ್ಲಿರುವ ನೌಕರ ಹಣ ತಿನ್ನುವುದೂ ಹಾಗೇ ಅನ್ನುವ ಮಾತು ಅಲ್ಲಿಯದೇ.

ಇಂಥ ಪುಸ್ತಕವನ್ನು ಅನುವಾದ ಮಾಡುವುದೆಂದರೆ ಸಂಸ್ಕೃತ ಚೆನ್ನಾಗಿ ಬಂದರೆ ಸಾಲದು. ಲೆಕ್ಕಪತ್ರ, ಗಣಿ, ಕೋಟೆ, ವಿಷ, ಕುದುರೆ ಮೇವು, ಚಿನ್ನದ ಬಣ್ಣ ನೋಡುವ ಬಗೆ, ಇವೆಲ್ಲದರ ಹಳೆಯ ಪದಗಳಿಗೆ ಅರ್ಥ ಹುಡುಕಬೇಕು. ನಿಘಂಟಿನಲ್ಲಿ ಇಲ್ಲದ ಪದಗಳು. ಜೊತೆಗಿದ್ದ ಸಹಾಯ ಭಟ್ಟಸ್ವಾಮಿಯ ವ್ಯಾಖ್ಯಾನ, ಅದೂ ಒಂದು ತುಂಡು. ಇದನ್ನೆಲ್ಲ ಮುಖ್ಯವಾಗಿ ಒಂದೇ ಓಲೆಪ್ರತಿ ಮುಂದಿಟ್ಟುಕೊಂಡು ಶುರುಮಾಡಿದ್ದು. ಇನ್ನೊಂದು ಪ್ರತಿ ಇದ್ದರೆ, ಇಲ್ಲಿ ಹುಳು ತಿಂದ ಅಕ್ಷರ ಅಲ್ಲಿ ಉಳಿದಿರಬಹುದು. ಒಂದೇ ಇದ್ದರೆ ಏನು ಮಾಡುವುದು?

ಹಾಗಾಗಿ ತಪ್ಪುಗಳೂ ಆದವು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಮುಂದೆ ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳು 1924-25ರಲ್ಲಿ ಬೇರೆ ಪ್ರತಿಗಳ ನೆರವಿನಿಂದ ಮೂಲವನ್ನು ವ್ಯಾಖ್ಯಾನದ ಜೊತೆ ಹೊರತಂದರು. 1960ರ ದಶಕದಲ್ಲಿ ಮುಂಬಯಿಯ ಆರ್.ಪಿ. ಕಾಂಗ್ಲೆ ಇನ್ನೂ ಹೆಚ್ಚು ಪ್ರತಿಗಳನ್ನು ಹೋಲಿಸಿ ಪರಿಷ್ಕರಿಸಿದರು. ಎಷ್ಟೋ ಕಡೆ ಶಾಮಶಾಸ್ತ್ರಿಗಳ ಅರ್ಥವನ್ನು ಅವರು ಒಪ್ಪಿಲ್ಲ. ಪುಸ್ತಕದ ಕಾಲದ ಬಗ್ಗೆಯೂ ಹಾಗೇ. ಇದು ಚಂದ್ರಗುಪ್ತ ಮೌರ್ಯನ ಮಂತ್ರಿಯೇ ಬರೆದದ್ದು ಅಂತ ಶಾಮಶಾಸ್ತ್ರಿಗಳು ನಂಬಿದ್ದರು. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಎಂಬ ವಿದ್ವಾಂಸರು ಸಣ್ಣಪುಟ್ಟ ಪದಗಳು ಯಾವ ಅಧಿಕರಣದಲ್ಲಿ ಎಷ್ಟು ಸಲ ಬರುತ್ತವೆ ಅಂತ ಎಣಿಸಿ, ಇದು ಒಬ್ಬನ ಕೈಯ ಬರಹವಲ್ಲ ಅಂತ ವಾದಿಸಿದರು. ಈಗಿನ ಬಹಳ ಜನ ವಿದ್ವಾಂಸರು ಪುಸ್ತಕದ ಈಗಿನ ರೂಪವನ್ನು ಮೌರ್ಯರ ನಂತರದ ಕಾಲಕ್ಕೆ ಹಾಕುತ್ತಾರೆ. ಇದರಿಂದ ಶಾಸ್ತ್ರಿಗಳು ಸಣ್ಣವರಾಗುವುದಿಲ್ಲ. ಇಷ್ಟೆಲ್ಲಾ ಜಗಳ ಆಡಲು ಒಂದು ಪುಸ್ತಕವಾದರೂ ಕೈಯಲ್ಲಿದೆಯಲ್ಲ, ಅದು ಅವರಿಂದ. ನಮ್ಮ ಕಡೆ ಅವರನ್ನು ಹೊಗಳುವವರು ಈ ಭಾಗವನ್ನು ಬಿಟ್ಟೇಬಿಡುತ್ತಾರೆ. ಬಿಡಬಾರದು.

ಶಾಸ್ತ್ರಿಗಳೂ ತಮ್ಮ ಕೆಲಸ ಮುಗಿಯಿತು ಅಂತ ಕೂರಲಿಲ್ಲ. ತಿದ್ದಿ ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಪದಸೂಚಿ. 1924-25ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅರ್ಥಶಾಸ್ತ್ರದ ಪದಗಳು ಎಲ್ಲೆಲ್ಲಿ ಬರುತ್ತವೆ ಅಂತ ಅಕಾರಾದಿಯಾಗಿ ಜೋಡಿಸಿದ ಪಟ್ಟಿ. ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದು ಪದವನ್ನೂ ಕೈಯಲ್ಲಿ ಬರೆದು, ವಿಂಗಡಿಸಿ, ಜೋಡಿಸಬೇಕು. ಒಂದು ಗ್ರಂಥಾಲಯದಲ್ಲಿ ಅದರ ಒಂದು ಸಂಪುಟ ನನ್ನ ಕೈಗೆ ಬಂದಾಗ ಪುಟ ತಿರುಗಿಸುತ್ತಾ ಕೂತೆ. ಬರೀ ಪದ ಮತ್ತು ಅಂಕಿ. ಓದಲು ಅಲ್ಲಿ ಏನೂ ಇಲ್ಲ. ತನಗಾಗಿ ಯಾರೂ ಇಂಥ ಕೆಲಸ ಮಾಡುವುದಿಲ್ಲ. ಮುಂದೆ ಯಾರೋ ಬಂದು ತನ್ನ ತಪ್ಪು ಹುಡುಕಲಿ ಅಂತ ದಾರಿ ಮಾಡಿಕೊಡುವ ಕೆಲಸ ಅದು. ಅದನ್ನು ಮಾಡುವಾಗ ಅವರು ಬಿಡುವಾಗಿಯೂ ಇರಲಿಲ್ಲ. ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ ಇವರ ನಂತರ 1922ರಿಂದ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಅವರ ಮೇಲಿತ್ತು. ಶಾಸನ, ನಾಣ್ಯ, ಹಳೆಯ ದೇವಸ್ಥಾನಗಳ ಕೆಲಸ. ವೇದಕಾಲದ ಪಂಚಾಂಗದ ಬಗ್ಗೆಯೂ ಬರೆದರು. ಕಲ್ಕತ್ತಾ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು, ಮಹಾಮಹೋಪಾಧ್ಯಾಯ ಬಿರುದು ಬಂತು. 1944ರಲ್ಲಿ ತೀರಿಕೊಂಡರು.

ಇನ್ನೊಂದು ಮಾತು. ಶಾಸ್ತ್ರಿಗಳ ಹೆಸರೆತ್ತಿದರೆ ಒಂದು ಕತೆ ಬಂದೇ ಬರುತ್ತದೆ, ನಿಮ್ಮ ಬರಹದಲ್ಲೂ ಬಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋದಾಗ, ನೀವು ಶಾಮಶಾಸ್ತ್ರಿಗಳ ಮೈಸೂರಿನವರಾ ಅಂತ ಅಲ್ಲಿಯವರು ಕೇಳಿದರಂತೆ. ನಾನೂ ಕ್ಲಾಸಿನಲ್ಲಿ ನೂರು ಸಲ ಹೇಳಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಈಗ ಆ ಕತೆ ಹೇಳಲು ಮನಸ್ಸು ಬರುವುದಿಲ್ಲ. ಹೊರಗಿನವರು ಹೊಗಳಿದ್ದು ನಮಗೆ ನೆನಪಿದೆ. ಅವರು ಯಾವುದಕ್ಕೆ ಹೊಗಳಿದರೋ ಅದು ನೆನಪಿಲ್ಲ. ಅವರ ಊರಿನ ಸುತ್ತಮುತ್ತಲೇ ಗ್ರಂಥ ಲಿಪಿ ಓದುವವರನ್ನು ಹುಡುಕಿದರೆ ಒಂದು ಕೈಯ ಬೆರಳು ಸಾಕು. ನಂದಿನಾಗರಿ, ತಿಗಳಾರಿ ಓದುವವರೂ ಹಾಗೇ. ಮೈಸೂರಿನ ಸಂಶೋಧನಾಲಯದಲ್ಲಿ ಓಲೆಗಳನ್ನು ಒರೆಸಿ, ನಿಂಬೆಹುಲ್ಲಿನ ಎಣ್ಣೆ ಹಚ್ಚಿ ಜೋಪಾನ ಮಾಡುತ್ತಾರೆ. ಫೋಟೋ ತೆಗೆದು ಕಂಪ್ಯೂಟರಿಗೂ ಹಾಕುತ್ತಿದ್ದಾರೆ. ಬಹಳ ಸಂತೋಷ. ಆದರೆ ಫೋಟೋ ತಾನೇ ಓದಿಕೊಳ್ಳುವುದಿಲ್ಲವಲ್ಲ.

ಹಳೆಯ ಲಿಪಿಕಾರರು ಪುಸ್ತಕದ ಕೊನೆಯಲ್ಲಿ ಒಂದು ಶ್ಲೋಕ ಬರೆಯುತ್ತಿದ್ದರು. ಬೆನ್ನು, ಸೊಂಟ, ಕತ್ತು ಮುರಿದು, ಕಣ್ಣು ನೆಟ್ಟು, ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜತನದಿಂದ ಕಾಪಾಡಿ ಅಂತ. ನಮ್ಮ ಮನೆಯ ಕನ್ನಡ ಕಟ್ಟಿನ ಕೊನೆಯ ಗರಿಯಲ್ಲೂ ಅದು ಇದೆ. ಅರ್ಧ ಮುರಿದಿದೆ, ಆದರೂ ‘ಕಷ್ಟೇನ ಲಿಖಿತಂ’ ಅನ್ನುವಷ್ಟು ಉಳಿದಿದೆ.

ನನ್ನ ಕೋರಿಕೆ ಇಷ್ಟೇ. ‘ಆಕಸ್ಮಿಕವಾಗಿ’ ಅನ್ನುವ ಆ ಪದವನ್ನು ಒಂದು ತಿದ್ದುಪಡಿ ಹಾಕಿ ತೆಗೆಯಿರಿ. ಅದರ ಜೊತೆ, ನಿಮ್ಮ ಭಾನುವಾರದ ಪುರವಣಿಯಲ್ಲಿ ಪದಬಂಧಕ್ಕೆ, ಸುಡೊಕುಗೆ ಜಾಗ ಇದೆ. ಅದರ ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಕೊಡಿ. ವಾರಕ್ಕೊಂದು ಓಲೆಗರಿಯ ಒಂದು ಸಾಲಿನ ಚಿತ್ರ ಹಾಕಿ. ಕೆಳಗೆ ಆ ಲಿಪಿಯ ನಾಲ್ಕೈದು ಅಕ್ಷರ, ಎದುರಿಗೆ ಕನ್ನಡ ಅಕ್ಷರ. ಮುಂದಿನ ವಾರ ಉತ್ತರ. ಒಂದು ವರ್ಷಕ್ಕೆ ಒಂದು ಲಿಪಿ ಮುಗಿಯುತ್ತದೆ. ಶಾಲೆಯ ಮಕ್ಕಳು ಖಂಡಿತ ಕಲಿಯುತ್ತಾರೆ. ನಮ್ಮ ಬೀದಿಯ ಇಬ್ಬರು ಮಕ್ಕಳು ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಬರುತ್ತಾರೆ. ಎಂಟು ತಿಂಗಳಾಯಿತು. ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕು, ನನಗೆ ಕಾಣದ ಗೀರು ಅವರಿಗೆ ಕಾಣುತ್ತದೆ. ಚಿತ್ರಗಳನ್ನು ನಾನು ಕಳಿಸುತ್ತೇನೆ, ಅದಕ್ಕೆ ನನಗೇನೂ ಕೊಡಬೇಡಿ.

ಈ ಪತ್ರದ ಜೊತೆ ಮೊದಲನೆಯ ಚಿತ್ರ ಇಟ್ಟಿದ್ದೇನೆ. ನಮ್ಮ ಗ್ರಂಥ ಲಿಪಿಯ ಕಟ್ಟಿನ ಏಳನೇ ಗರಿ. ಅದರ ಮೂರನೇ ಸಾಲಿನಲ್ಲಿ, ದಾರದ ತೂತಿನ ಬಲಗಡೆ ನಾಲ್ಕು ಅಕ್ಷರ ಇವೆ. ಮೊದಲನೆಯದು ‘ಸ’ ಇರಬೇಕು. ಉಳಿದ ಮೂರು ನಮಗೆ ಮೂವರಿಗೂ ಇನ್ನೂ ಓದಲು ಬಂದಿಲ್ಲ. ನಿಮ್ಮ ಓದುಗರಲ್ಲಿ ಯಾರಿಗಾದರೂ ಗೊತ್ತಾದರೆ ಪತ್ರಿಕೆಯ ಮೂಲಕ ತಿಳಿಸಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ಹಾಸನ ಜಿಲ್ಲೆ